ಆರುನೂರೈವತ್ತು

ಕೂತುಕೋ ಶಮೈಲಾ. ಕೀಲಿಕೈ ಕೇಳಬೇಡ,
ಇದಕ್ಕೆ ಕೀಲಿಯೇ ಇಲ್ಲ.
ಇದನ್ನು ಹೊರಡಿಸುವುದು ಗೊತ್ತಿರುವ ಕಳ್ಳ
ಕಳ್ಳನಲ್ಲ, ನೆಂಟ.

ಮೊದಲು ಪೆಟ್ರೋಲಿನ ನಲ್ಲಿ ತಿರುಗಿಸು.
ಕಾರ್ಬ್ಯುರೇಟರಿನ ಪಕ್ಕ ಅವರೆಕಾಳಿನಷ್ಟು ಒಂದು ಗುಂಡಿ,
ಬೆರಳು ಒದ್ದೆಯಾಗುವ ತನಕ ಒತ್ತು.
ಹೆಚ್ಚಾದರೆ ಮುನಿಯುತ್ತದೆ,
ಕಡಿಮೆಯಾದರೆ ಏಳುವುದೇ ಇಲ್ಲ.
ಆಮೇಲೆ ಕಿಕ್ಕರು. ಸುಮ್ಮನೆ ಒದೆಯಬೇಡ.
ಮೆಲ್ಲಗೆ ತುಳಿಯುತ್ತ ಹೋಗು,
ಒಳಗೆ ಯಾರೋ ಬಾಗಿಲಿಗೆ ಬೆನ್ನು ಕೊಟ್ಟು ನಿಂತಂತೆ
ಕಾಲು ತಡೆಯುತ್ತದಲ್ಲ,
ಅದೇ ಜಾಗ. ಅಲ್ಲಿಂದ ಮೈಭಾರವೆಲ್ಲ ಹಾಕಿ—

ತಡೆ, ತಡೆ. ಈಗಲೇ ಬೇಡ.
ಹಣ ಎಣಿಸಿಕೊಂಡಾಯಿತು, ಹೇಳುವುದು ಮುಗಿದಿಲ್ಲ.

ಎರಡು ಪಿಸ್ಟನ್ನು.
ಜೊತೆಗೇ ಏರುತ್ತವೆ, ಜೊತೆಗೇ ಇಳಿಯುತ್ತವೆ,
ಬೆಂಕಿ ಮಾತ್ರ ಸರದಿಯಂತೆ:
ಒಂದು ಸಿಡಿಯುವಾಗ ಇನ್ನೊಂದು ಉಸಿರೆಳೆದುಕೊಳ್ಳುತ್ತದೆ.
ಆ ತೂಕ ಸರಿದೂಗಲೆಂದು ನಡುವೆ ಒಂದು ಕಬ್ಬಿಣದ ಗಾಲಿ.
ದೂಗುತ್ತದೆ, ಪೂರ್ತಿಯಲ್ಲ.
ಉಳಿದದ್ದು ನಿನ್ನ ಅಂಗೈಗೆ, ಪಾದಕ್ಕೆ, ಹಲ್ಲಿಗೆ.
ಅರವತ್ತು ಮೈಲಿ ದಾಟಿದರೆ ಕನ್ನಡಿಯಲ್ಲಿ
ಹಿಂದಿನ ಲಾರಿ ಎರಡಾಗುತ್ತದೆ.

ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ.
ನೀನು ಕಲಿತದ್ದೆಲ್ಲ ತಿರುಗುಮುರುಗು,
ಒಂದು ವಾರ ಬಸ್ಸಿನ ಹಿಂದೆ ಹೋಗಬೇಡ.
ಕ್ರ್ಯಾಂಕಿನ ಮನೆಯನ್ನು ನಮ್ಮ ಕ್ಲಾರೆಂಡನ್ನಿನ ತೆಂಗಿನಕಾಯಿಯಂತೆ
ಎರಡು ಹೋಳು ಮಾಡಿ ಜೋಡಿಸಿದ್ದಾರೆ; ಸೋರುತ್ತದೆ.
ರಾತ್ರಿ ಅಡಿಗೊಂದು ತಟ್ಟೆ ಇಡು.
ನಿಮ್ಮಮ್ಮನ ಸಮೋಸದ ತಟ್ಟೆಯಲ್ಲ.

ಆ ಮನೆಯೊಳಗೆ, ತಿರುಗುವ ದಂಡದ ಹೊಟ್ಟೆಯಲ್ಲಿ
ಒಂದು ಕೊಳವೆ ಇದೆ, ಯಾರಿಗೂ ಕಾಣದ್ದು.
ಎಣ್ಣೆಯ ಕಸವನ್ನೆಲ್ಲ ಗೋಡೆಗೆ ಎಸೆದು
ವರ್ಷಗಟ್ಟಲೆ ಕೂಡಿಡುತ್ತದೆ.
ತುಂಬಿದ ದಿನ ದಾರಿ ಕಟ್ಟಿ ಬೇರಿಂಗು ಸುಡುತ್ತದೆ.
ನವೆಂಬರಿನಲ್ಲಿ ಬಿಚ್ಚಿದೆ. ಒಳಗಿದ್ದದ್ದು
ಅಪ್ಪನ ಸಕ್ಕರೆ ಮಿಲ್ಲಿನ ಕಡಾಯಿಯ ತಳದಷ್ಟು ಗಟ್ಟಿ,
ಚಮಚೆಯಲ್ಲಿ ಕೆರೆದು ತೆಗೆದೆ, ಎರಡು ಸಂಜೆ.

ಆ ಕೊಳವೆಯ ಬಾಯಿಗೆ ಬಿರಡೆ ಬಿಗಿದು,
ಸಡಿಲವಾಗದಂತೆ ಉಳಿಯಿಂದ ಚುಚ್ಚುವುದು,
ಅದು ನನ್ನ ಕೆಲಸವಾಗಿತ್ತು, ಆರ್ಮರಿ ರಸ್ತೆಯಲ್ಲಿ.
ಹತ್ತೊಂಬತ್ತು ವರ್ಷ, ಹಡಗಿನ ಉಪ್ಪು ಇನ್ನೂ ಕೋಟಿನಲ್ಲಿ.
ಮೂರು ಚುಕ್ಕೆ ನನ್ನ ಗುರುತು.
ಇದರಲ್ಲಿದ್ದದ್ದು ಎರಡು.
ಯಾರೋ ಬೇರೆಯವನು. ಇರಲಿ.

ಮೇಲಿನ ಅಂತಸ್ತಿನಲ್ಲಿ ಹೆಂಗಸರು ಚಕ್ರ ಕಟ್ಟುತ್ತಿದ್ದರು.
ಎನಿಡ್ ಟ್ರಾಂಟರ್, ತೋಳಿಗೆ ಹಿಟ್ಟಿನ ಚೀಲದ ಬಟ್ಟೆ,
ಬಾಯಲ್ಲಿ ಹಿತ್ತಾಳೆಯ ನಿಪ್ಪಲ್ಲು ಕಚ್ಚಿಕೊಂಡೇ ಮಾತು.
ಚಕ್ರಕ್ಕೆ ನಲವತ್ತು ಕಡ್ಡಿ.
ಕಣ್ಣಿಂದ ನೋಡುತ್ತಿರಲಿಲ್ಲ, ಒಂದೊಂದನ್ನೂ ಬಡಿದು ಕೇಳುತ್ತಿದ್ದಳು.
ನನ್ನನ್ನು ಬಿನ್ಸ್ ಎಂದು ಕರೆದವಳು ಅವಳೊಬ್ಬಳೇ,
ಉಳಿದವರು ಕರೆದದ್ದು ಬೇರೆ, ಅದು ಈಗ ಬೇಡ.
ಒಂದು ಮಧ್ಯಾಹ್ನ ಊಟದ ಗಂಟೆಯಲ್ಲಿ
ಚಕ್ರವೊಂದನ್ನು ನನ್ನ ಮುಂದೆ ನಿಲ್ಲಿಸಿ ಕೀಲಿ ಕೊಟ್ಟಳು:
"ಬಡಿ. ಇದರಲ್ಲಿ ಸುಳ್ಳು ಹೇಳುವುದು ಯಾವುದು?"
ಮೂರು ಸಲ ತಪ್ಪಿದೆ.
ಅವಳ ಚಹಾ ತಣ್ಣಗಾಯಿತು.

ಇದೇ ಆ ಕೀಲಿ, ನೋಡು, ಇ.ಟಿ. ಎಂದು ಕೊರೆದಿದೆ.
ಹಿಂದಿರುಗಿಸಬೇಕಿತ್ತು.
ಫ್ಯಾಕ್ಟರಿಯ ಗೇಟು ಮುಚ್ಚಿದ ವಾರ ಅವಳು ಎಲ್ಲಿ ಹೋದಳೋ;
ಡಡ್ಲಿಯ ಕಡೆ ಎಂದರು, ತಂಗಿಯ ಮನೆ ಎಂದರು.
ಇಟ್ಟುಕೋ. ನಿನ್ನ ಪೆಟ್ಟಿಗೆಯ ಸ್ಪ್ಯಾನರು ಒಂದೂ
ಇದರ ನಟ್ಟಿಗೆ ಕೂರುವುದಿಲ್ಲ,
ಹಳೆಯ ಅಳತೆಯ ಸೆಟ್ಟು ಆ ಚೀಲದಲ್ಲಿದೆ.

ಈ ಚಕ್ರ ಅವಳದೇ ಎಂದು ನಾನು ಹೇಳಲಾರೆ.
ಮೊನ್ನೆ ರಾತ್ರಿ ರೇಡಿಯೋ ಆರಿಸಿ ಬಡಿದು ನೋಡಿದೆ.
ಮೂವತ್ತೊಂಬತ್ತು ಒಂದೇ ಶ್ರುತಿ.
ನಲವತ್ತನೆಯದು ಕಳೆದ ವರ್ಷ ಮುರಿದಿತ್ತು,
ಅದನ್ನು ಹಾಕಿದವನು ನಾನು.

ಸರಿ, ಈಗ ಒದೆ.
ನನ್ನ ಮೊಣಕಾಲಿಗೆ ಆಗದ್ದಕ್ಕೇ ಮಾರುತ್ತಿರುವುದು,
ಹಾಗೆ ನೋಡಬೇಡ ನನ್ನನ್ನು.

ಹೂಂ. ಕೆಮ್ಮಿತಷ್ಟೆ.
ಕಾಲು ತೆಗೆಯಬೇಡ,
ಮತ್ತೆ ಆ ತಡೆಯುವ ಜಾಗ ಹುಡುಕು.